ಮುಖ ಯಾವ ಕಡೆ

"ಅದು ನಮ್ಮ ಕಡೆಗೇ ಮುಖ ಮಾಡಿ ಕೂತಿದೆ" ಎಂದು ಡಾಕ್ಟೊರಾ ಹೆನ್ರಿಕೆ ಊಟದ ಮನೆಯ ನಡುವೆ ಕುರ್ಚಿ ಹತ್ತಿ ನಿಂತು ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಯೆರ್ಕೊನ ಬಲಗೈಯಲ್ಲಿ ಬ್ರೆಡ್ಡಿನ ತುಂಡಿತ್ತು. ಅದನ್ನು ಕೆಳಗಿಟ್ಟು ತಟ್ಟಬೇಕೋ, ಬಾಯಿಗೆ ತುರುಕಿಕೊಂಡು ತಟ್ಟಬೇಕೋ ಎಂದು ಯೋಚಿಸುವಷ್ಟರಲ್ಲಿ ಚಪ್ಪಾಳೆ ಮುಗಿಯುತ್ತ ಬಂದಿತ್ತು. ಬಾಯಿಗೇ ತುರುಕಿದ. ಎಲ್ಲರದೂ ನಿಂತ ಮೇಲೆ ತನ್ನದೊಂದೇ ಚಪ್ಪಾಳೆ ಎರಡು ಸಲ ಕೇಳಿ ಅವನ ಕಿವಿ ಬಿಸಿಯಾಯಿತು. ಯಾರೂ ತಿರುಗಿ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಡಾಕ್ಟೊರಾ ಜರ್ಮನಿಯ ಖಗೋಳ ವಿಜ್ಞಾನಿ, ಉದ್ದ ಕತ್ತಿನವಳು, ಬಿಸಿಲಿಗೆ ಮೂಗಿನ ಮೇಲೆ ಸಿಪ್ಪೆ ಎದ್ದಿತ್ತು. ಇಷ್ಟು ವರ್ಷ ಎಲ್ಲರೂ ಅದು ನಮಗೆ ಬೆನ್ನು ಹಾಕಿ ಕೂತಿದೆ ಎನ್ನುತ್ತಿದ್ದರು, ಈಗ ನೋಡಿದರೆ ಎದುರಾಗಿಯೇ ಕೂತಿದೆ, ಮರ್ಯಾದಸ್ಥ ಪ್ರಾಣಿ, ಎಂದು ಅವಳು ನಗೆಯಾಡಿದಳು. ಎಲ್ಲರೂ ನಕ್ಕರು. ಧನು ರಾಶಿಯ ಆಚೆ, ಆಕಾಶಗಂಗೆಯ ನಟ್ಟನಡುವೆ, ನಲವತ್ತು ಲಕ್ಷ ಸೂರ್ಯರನ್ನು ನುಂಗಿದಷ್ಟು ತೂಕದ ಒಂದು ಕಪ್ಪುಕುಳಿ, ಯಾರ ಕಣ್ಣಿಗೂ ಕಾಣದ್ದು, ತಮ್ಮ ಊಟದ ಮನೆಯ ಕಡೆ ಮುಖ ಮಾಡಿದೆ ಎಂದು ಇವರಿಗೆ ಹಿಗ್ಗು. "ಹಗಲು ಪಾಳಿಯ ನಮ್ಮ ದೋನ್ ನಿಬಾಲ್ಡೊಗೆ, ಮಿರ್ಕೊಗೆ, ವಿಶೇಷ ವಂದನೆ" ಎಂದು ಅವಳು ಕುರ್ಚಿಯಿಂದ ಇಳಿದಳು.

"ಯಾರೋ ಅವನು ಮಿರ್ಕೊ?" ಪಕ್ಕದಲ್ಲಿದ್ದ ನಿಬಾಲ್ಡೊ ಸಾರಿನಲ್ಲಿದ್ದ ಮೆಕ್ಕೆಜೋಳದ ತೆನೆ ಕಡಿಯುತ್ತ ಕೇಳಿದ. "ನಮ್ಮ ಜೊತೆ ಕೆಲಸ ಮಾಡ್ತಾನಾ? ಒಳ್ಳೆ ಹುಡುಗ ಅನ್ನಿಸುತ್ತೆ. ವಂದನೆ ಎಲ್ಲ ಅವನೇ ತಗೊಂಡು ಹೋಗ್ತಾನೆ."

"ಸುಮ್ನೆ ತಿನ್ನಿ ದೋನ್ ನಿಬಾಲ್ಡೊ" ಎಂದ ಯೆರ್ಕೊ. ಅವಳ ಬಾಯಲ್ಲಿ ಅವನು ಯಾವಾಗಲೂ ಮಿರ್ಕೊ.

"ನನ್ ಹೆಸರು ಸರಿಯಾಗಿ ಹೇಳಿದ್ಳಪ್ಪ. ಮೂವತ್ತು ವರ್ಷ ಕನ್ನಡಿ ಒರೆಸಿದ್ಮೇಲೆ ನಿಂಗೂ ಹೆಸರು ಬರುತ್ತೆ, ತಾಳು."

ಕನ್ನಡಿ ಒರೆಸೋನು. ಅಪ್ಪನೂ ಹಾಗೇ ಕರೆಯುತ್ತಿದ್ದ. ಆಂತೋಫಗಾಸ್ತಾದ ಬಂದರಿನಲ್ಲಿ ತಾಮ್ರದ ಹಲಗೆಗಳನ್ನು ಹಡಗಿಗೆ ತುಂಬಿಸಿ ತುಂಬಿಸಿ ಹೆಗಲು ಒಂದು ಕಡೆ ಇಳಿದಿದ್ದ ದೋನ್ ಸೆಗುಂದೊ, ಮಗ ಓದು ಬಿಟ್ಟು ಬೆಟ್ಟದ ಮೇಲಿನ ದೂರದರ್ಶಕಕ್ಕೆ ಕೆಲಸಕ್ಕೆ ಸೇರಿದ ದಿನ, ಚಹಾ ಕುಡಿಯುವ ಹೊತ್ತಿಗೆ ಮನೆಗೆ ಬಂದ ಬಂದರಿನ ಗೆಳೆಯರೆದುರು, "ನನ್ ಮಗ ಬಿಳಿಯರ ಕನ್ನಡಿ ಒರೆಸ್ತಾನಂತೆ, ಅವರು ಮುಖ ನೋಡ್ಕೊಳ್ಳೋಕೆ" ಎಂದಿದ್ದ. ನೆಲದ ಕೆಳಗಿನ ತಾಮ್ರ ಒಬ್ಬರಿಗೆ, ತಲೆಯ ಮೇಲಿನ ಆಕಾಶ ಇನ್ನೊಬ್ಬರಿಗೆ, ನಡುವಿನ ಧೂಳು ಮಾತ್ರ ನಮಗೆ ಎಂದು ಯೆರ್ಕೊ ತಾನೇ ಎಷ್ಟೋ ಸಲ ಬಸ್ಸಿನಲ್ಲಿ ಹಲ್ಲು ಕಡಿದುಕೊಂಡಿದ್ದ. ಅದೇ ಮಾತು ಅಪ್ಪನ ಬಾಯಿಂದ ಬಂದಾಗ ಮಾತ್ರ, "ನೀನು ನೋಡಿರೋದು ಹಡಗಿನ ಮುಕಳಿ ಒಂದೇ" ಎಂದು ಎದ್ದು ಹೋಗಿದ್ದ. ಹಿಂದಿನಿಂದ ಅಪ್ಪ ಏನಾದರೂ ಕೂಗುತ್ತಾನೆ ಎಂದು ಮೆಟ್ಟಿಲ ಮೇಲೆ ಕಾದಿದ್ದ. ಅಪ್ಪ ಚಹಾ ಸೊರ್ರೆಂದು ಎಳೆದ ಸದ್ದು ಬಂತು, ಅಷ್ಟೆ. ಆಮೇಲಿನ ವರ್ಷಗಳಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಬ್ರೆಡ್ಡು ಹಂಚಿಕೊಂಡಿದ್ದಾರೆ, ಒಬ್ಬರ ಮುಖ ಒಬ್ಬರು ನೋಡದೆ. ಅಪ್ಪನ ಮುಖ ಎಂದರೆ ಅವನಿಗೆ ಈಗಲೂ ನೆನಪಿಗೆ ಬರುವುದು ಪಕ್ಕದಿಂದ ಕಂಡ ಒಂದು ಕಿವಿ, ದವಡೆ, ಅಗಿಯುವಾಗ ಏರಿ ಇಳಿಯುವ ಒಂದು ನರ.

"ಮಿರ್ಕೊ, ಒಂದು ಸಣ್ಣ ಪ್ರಶ್ನೆ." ಡಾಕ್ಟೊರಾ ಅವರ ಮೇಜಿನ ಹತ್ತಿರ ಬಂದು ನಿಂತಿದ್ದಳು. ಅವಳ ಸ್ಪ್ಯಾನಿಷ್ ಇಸ್ತ್ರಿ ಮಾಡಿದ ಅಂಗಿಯ ಹಾಗೆ, ಎಲ್ಲೂ ಸುಕ್ಕಿಲ್ಲ, ಯಾರ ಮೈಗೂ ಸೇರಿದ್ದಲ್ಲ. "ನಮ್ಮ ಲೇಖನವನ್ನು ಪರಿಶೀಲಿಸುತ್ತಿರುವವರಲ್ಲಿ ಒಬ್ಬರು ಕೇಳಿದ್ದಾರೆ. ಕಳೆದ ಚಳಿಗಾಲದಲ್ಲಿ ನೀವು ಬಿಲ್ಲೆಯನ್ನು ತೆಗೆದು, ಒರೆಸಿ, ವಾಪಸು ಕೂರಿಸಿದಿರಿ. ಆಮೇಲೆ ಜಾಲರಿ ಹಿಡಿದು ಪರೀಕ್ಷೆ ಮಾಡಿದಿರಿ, ಅಲ್ಲವೆ?"

ಅವನ ಬಾಯಲ್ಲಿ ಬ್ರೆಡ್ಡು ಇನ್ನೂ ಇತ್ತು. ಕೆನ್ನೆ ಉಬ್ಬಿಸಿಕೊಂಡು ಅವಳನ್ನು ನೋಡಿದ.

"ನಿಧಾನ, ನಿಧಾನ" ಎಂದು ಅವಳು ನಕ್ಕಳು. "ಸಂಜೆಯೊಳಗೆ ಉತ್ತರ ಕಳಿಸಬೇಕು. ಮಾಡಿದ್ದೇವೆ ಎಂದರೆ ಲೇಖನ ಅಚ್ಚಿಗೆ ಹೋಗುತ್ತದೆ. ಸೂರ್ಯಾಸ್ತಕ್ಕೆ ಎಲ್ಲರೂ ಮೇಲೆ ಸೇರುತ್ತೇವಲ್ಲ, ಆಗ ಹೇಳಿ ಸಾಕು."

ಅವಳು ಹೋದ ಮೇಲೆ ಬ್ರೆಡ್ಡನ್ನು ಅಗಿದು ನುಂಗಿದ. ನೀರು ಕುಡಿದ. ನಿಬಾಲ್ಡೊ ತೆನೆಯ ಬುಡವನ್ನು ತಟ್ಟೆಯಲ್ಲಿಟ್ಟು ಬೆರಳು ಒರೆಸಿಕೊಳ್ಳುತ್ತಿದ್ದವನು ಒಂದೊಂದು ಬೆರಳನ್ನೂ ಅಗತ್ಯಕ್ಕಿಂತ ಹೆಚ್ಚು ಒರೆಸಿದ. ಆಗ ಯೆರ್ಕೊಗೆ ಅದು ಹೊಳೆಯಲಿಲ್ಲ.

ಈ ಬೆಟ್ಟದ ಮೇಲೆ ಒಂದು ಕೆಲಸ ಮುಗಿಯಿತು ಅಂದರೆ ಅದಕ್ಕೆ ಕಾಗದವಿಲ್ಲ, ರುಜುವಿಲ್ಲ. ರೇಡಿಯೊ ಎತ್ತಿ "ಲಿಸ್ತೊ" ಅನ್ನಬೇಕು. ಆಯಿತು, ಸರಿಯಿದೆ, ನನ್ನ ತಲೆಯ ಮೇಲಿದೆ, ಇಷ್ಟೂ ಆ ಒಂದು ಮಾತಿನಲ್ಲಿ ಬಂತು. ಹೊರಗಿನಿಂದ ಬಂದವರು ಮೊದಮೊದಲು ಗಾಬರಿಯಾಗುತ್ತಾರೆ, ಆಮೇಲೆ ಅವರಿಗೂ ರೂಢಿಯಾಗುತ್ತದೆ. ಇಷ್ಟು ಎತ್ತರದಲ್ಲಿ, ನೊಣವೂ ಇಲ್ಲದ ಈ ಒಣ ನೆಲದಲ್ಲಿ, ಒಬ್ಬ ಲಿಸ್ತೊ ಅಂದದ್ದನ್ನು ಇನ್ನೊಬ್ಬ ಹೋಗಿ ನೋಡುವುದೆಂದರೆ ಅವನ ತಾಯಿಯನ್ನು ಬೈದ ಹಾಗೆ. "ಲಿಸ್ತೊ ಅಂದ್ಮೇಲೆ ದೇವರೂ ತಿರುಗಿ ನೋಡಬಾರದು" ಎಂದು ಕೆಲಸ ಕಲಿಸುವಾಗ ನಿಬಾಲ್ಡೊ ಅವನ ತಲೆಗೆ ಮೊಟಕಿ ಹೇಳಿಕೊಟ್ಟಿದ್ದ. ಯೆರ್ಕೊ ಕಳೆದ ಚಳಿಗಾಲದಲ್ಲಿ ಜಾಲರಿಯನ್ನು ಪೆಟ್ಟಿಗೆಯಿಂದ ಹೊರಗೇ ತೆಗೆಯದೆ ಲಿಸ್ತೊ ಅಂದಿದ್ದ. ಅದು ಅವನಿಗೆ ಗೊತ್ತು. ಗೊತ್ತಿಲ್ಲದಿದ್ದದ್ದು ಬಿಲ್ಲೆಯನ್ನು ಯಾವ ಕಡೆ ಮಾಡಿ ಕೂರಿಸಿದೆ ಎನ್ನುವುದು.

ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗೂ ಒಂದು ಓರೆ ಇರುತ್ತದೆ. ಹಗ್ಗದ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲೆ ಒಂದು ರೀತಿ ಓಡುತ್ತದೆ, ಅಡ್ಡಡ್ಡ ಅಲ್ಲಾಡಿಸಿದರೆ ಇನ್ನೊಂದು ರೀತಿ, ಹಾಗೆ. ಕುಳಿಯ ಸುತ್ತ ಆಗೊಮ್ಮೆ ಈಗೊಮ್ಮೆ ಬೆಂಕಿಯ ಉಂಡೆಯೊಂದು ಭುಗಿಲೆದ್ದು ಸುತ್ತುತ್ತದೆ, ಸುತ್ತುವಾಗ ಅದರ ಬೆಳಕಿನ ಓರೆಯೂ ಸುತ್ತುತ್ತದೆ. ಓರೆ ಎಡಕ್ಕೆ ಸುತ್ತಿದರೆ ಕುಳಿಯ ಮುಖ ನಮ್ಮ ಕಡೆ, ಬಲಕ್ಕೆ ಸುತ್ತಿದರೆ ಬೆನ್ನು. ಮುಖವನ್ನೂ ಬೆನ್ನನ್ನೂ ಯಾರೂ ಕಂಡಿಲ್ಲ, ಓರೆಯೊಂದೇ ಸಾಕ್ಷಿ. ಅದನ್ನು ಅಳೆಯುವುದಕ್ಕೆ ಬೆಳಕಿನ ದಾರಿಯಲ್ಲಿ ಒಂದು ಸ್ಫಟಿಕದ ಬಿಲ್ಲೆ, ಹಲ್ಲುಗಾಲಿಯ ಬಳೆಯೊಳಗೆ ಕೂತು ತಿರುಗುತ್ತದೆ. ಬಳೆಯನ್ನು ಹಿಂದುಮುಂದಾಗಿ ಸಿಕ್ಕಿಸಿದರೆ ಬೆಳಕಿನ ಪಾಲಿಗೆ ಅದು ಉಲ್ಟಾ ತಿರುಗಿತು. ಎಡ ಬಲವಾಯಿತು, ಬೆನ್ನು ಮುಖವಾಯಿತು. ಅದಕ್ಕೇ ಬಳೆಯ ಅಂಚಿನಲ್ಲಿ ಒಂದು ಬಾಣ ಗೀರಿದೆ, ಬೆಳಕು ಹೋಗುವ ಕಡೆಗೆ ಬಾಣ ಇರಬೇಕು. ಅದಕ್ಕೇ ತಂತಿಯ ಜಾಲರಿ, ದೀಪದ ಮುಂದೆ ಹಿಡಿದರೆ ಓರೆ ಇಂಥ ಕಡೆ ಎಂದು ಮೊದಲೇ ಗೊತ್ತಿರುವ ಬೆಳಕು ಬರುತ್ತದೆ, ಬಿಲ್ಲೆ ಸುಳ್ಳು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಚಹಾ ಸೋಸುವಷ್ಟು ಹೊತ್ತಿನ ಕೆಲಸ. ಮಾಡಿರಲಿಲ್ಲ.

ಏಕೆಂದರೆ ಆ ಹೊತ್ತಿಗೆ ಬೆಟ್ಟದಡಿಯ, ಬಿಲ್ಲೆಯಿರುವ ಸುರಂಗದ ಗೋಡೆಯ ಫೋನು ಹೊಡೆದುಕೊಂಡಿತು. ತಂಗಿ ಯಾಸ್ನಾ, ಆಸ್ಪತ್ರೆಯಿಂದ.

"ಅಪ್ಪ ನಿನ್ನ ಕೇಳ್ತಿದಾನೆ."

"ಅವನು ಕೇಳ್ತಿದಾನಾ, ನೀನು ಕೇಳಿಸ್ತಿದೀಯಾ?"

"ಬಾಯಿ ಬಿಟ್ಟು ಹೇಳ್ತಿಲ್ಲ ಕಣೋ. ಬಾಗಿಲು ನೋಡ್ತಾನೆ. ಯಾರು ಬಂದ್ರೂ ಬಾಗಿಲು ನೋಡ್ತಾನೆ. ಬಾ."

"ಪಾಳಿ ಮುಗಿಯೋವರೆಗೂ ಇಳಿಯೋ ಹಾಗಿಲ್ಲ."

"ನಿಬಾಲ್ಡೊ ಮಾಮನ್ನ ಕೇಳಿದ್ರೆ ಬಿಡಲ್ಲ ಅಂತಾನಾ?"

"ಹೇಳಿದ್ನಲ್ಲ. ಆಗಲ್ಲ."

ಮಧ್ಯಾಹ್ನ ತರಕಾರಿ ತರುವ ವ್ಯಾನು ಖಾಲಿಯಾಗಿ ಊರಿಗೆ ಇಳಿಯುವುದಿತ್ತು. ಅದು ಅವನಿಗೆ ಗೊತ್ತಿತ್ತು. ನಿಬಾಲ್ಡೊ ಬಿಡುತ್ತಿದ್ದ, ತಾನೇ ಕೈಹಿಡಿದು ವ್ಯಾನಿಗೆ ಹತ್ತಿಸುತ್ತಿದ್ದ. ಆದರೆ ಅಪ್ಪ ಬಾಯಿ ಬಿಟ್ಟು ಕೇಳಲಿ ಎಂದು ಒಳಗೆ ಕೂತಿದ್ದ ಒಂದು ಪಿಶಾಚಿಗೆ ಹಟ. ಒಂದು ಸಲ, ಬರೀ ಒಂದು ಸಲ, ಯೆರ್ಕೊ ಎಂದು ಕರೆಯಲಿ. ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಬಳೆ ಹಿಡಿದು, ಯಾಸ್ನಾ ಅಳುವುದನ್ನು ಕೇಳುತ್ತ, ಅದನ್ನು ಗೂಡಿಗೆ ಸಿಕ್ಕಿಸಿ ತಿರುಪು ಬಿಗಿದಿದ್ದ. ತಿರುಪು ಬಿಗಿದದ್ದು ನೆನಪಿದೆ. ಕೈಗವಸಿನೊಳಗೆ ಬೆರಳು ಬೆವೆತದ್ದು ನೆನಪಿದೆ. ಬಾಣ ನೆನಪಿಲ್ಲ. ಫೋನು ಇಟ್ಟ ಮೇಲೆ ರೇಡಿಯೊ ಕೇಳಿತು, ಯೆರ್ಕೊ, ಆಯ್ತಾ? ಲಿಸ್ತೊ. ಆ ವಾರದಲ್ಲೇ ಕುಳಿಯ ಸುತ್ತ ವರ್ಷದ ಅತಿ ದೊಡ್ಡ ಭುಗಿಲು ಎದ್ದಿತು.

ಅವನು ಊರಿಗೆ ಇಳಿದದ್ದು ಹೆಣ ನೋಡುವುದಕ್ಕೆ. ಆಸ್ಪತ್ರೆಯ ಮಂಚ ಮಲಗಿದವನ ಎಡಗಡೆಯ ಗೋಡೆಗೆ ಒತ್ತಿ ಹಾಕಿತ್ತು, ಬಲಗಡೆ ಬಾಗಿಲು. ಅಪ್ಪ ಬಲಮಗ್ಗುಲಾಗಿ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದ. ಮೇಲೆ ಕಾಣುತ್ತಿದ್ದ ಎಡಗೆನ್ನೆಯಲ್ಲಿ ಅಂಗೈಯಗಲ ನೇರಳೆ ಕಪ್ಪು ಹರಡಿತ್ತು. ಆಮ್ಲಜನಕದ ಮುಖವಾಡ ಒತ್ತಿದ್ದಿರಬೇಕು ಎಂದು ಬಂದರಿನ ಗೆಳೆಯನೊಬ್ಬ ಅಂದ. ಎಲ್ಲರೂ ಹೌದೆಂದರು. ಸ್ಮಶಾನದ ಗೇಟಿನಲ್ಲಿ, ಅದೇ ಗೆಳೆಯರ ಗುಂಪಿನ ಮುಂದೆ, ಯಾಸ್ನಾ ಅವನ ಮುಖಕ್ಕೆ ಮುಖ ಕೊಟ್ಟು, "ಬಾಗಿಲ ಕಡೆಗೇ ಮುಖ ಮಾಡ್ಕೊಂಡು ಹೋದ. ನಿನ್ ದಾರಿ ಕಾಯ್ತಾ. ಗೊತ್ತಿರಲಿ" ಎಂದಳು. ಯಾರೋ ಅವನ ಬೆನ್ನು ಸವರಿದರು. ಆ ಕೈಯನ್ನು ಕಡಿಯಬೇಕೆನಿಸಿತ್ತು. ಬದುಕಿದ್ದಾಗ ಒಂದು ಸಲ ನೆಟ್ಟಗೆ ನೋಡದವನು ಸಾಯುವಾಗ ಬಾಗಿಲು ನೋಡಿದನಂತೆ! ತಿಂಗಳುಗಟ್ಟಲೆ ಆ ನೋಟ ಅವನನ್ನು ಅಟ್ಟಾಡಿಸಿತು. ಬಸ್ಸಿನ ಬಾಗಿಲು, ಕೋಣೆಯ ಬಾಗಿಲು, ಊಟದ ಮನೆಯ ತೂಗುಬಾಗಿಲು, ಎಲ್ಲದರ ಆಚೆಗೂ ಎರಡು ಕಣ್ಣು. ಆದರೆ ಇನ್ನೂ ಒಂದು ವಿಷಯವಿತ್ತು, ಅದನ್ನು ಅವನು ತನಗೂ ಜೋರಾಗಿ ಹೇಳಿಕೊಂಡವನಲ್ಲ. ನಿದ್ದೆ ಬಾರದಾಗ ಅವನು ಆ ನೋಟವನ್ನು, ಬಡವ ಗಂಟು ಬಿಚ್ಚಿ ನೋಡಿಕೊಳ್ಳುವ ಹಾಗೆ, ಬಿಚ್ಚಿ ನೋಡಿಕೊಳ್ಳುತ್ತಿದ್ದ. ಕಾದಿದ್ದ. ನನಗಾಗಿ ಕಾದಿದ್ದ. ಅಪ್ಪ ಕೊಟ್ಟುಹೋದದ್ದು ಅದೊಂದೇ.

ಊಟದ ನಂತರ ನಿಬಾಲ್ಡೊನ ಹಿಂದೆ ಬೆಟ್ಟದ ಮೇಲಕ್ಕೆ ನಡೆದ. ಬಿಸಿಲು ತಲೆಯ ಮೇಲೆ ಹಂಚಿನ ಹಾಗೆ ಕೂತಿತ್ತು. ನಾಲ್ಕು ದೂರದರ್ಶಕಗಳೂ ಬಾಗಿಲು ಹಾಕಿಕೊಂಡು ತವರದ ಗುಡಾಣಗಳ ಹಾಗೆ ನಿಂತಿದ್ದವು. ಮುದುಕನ ಮಂಡಿ ಕಟಕಟ ಅನ್ನುತ್ತಿತ್ತು. ಮುಂದಿನ ವರ್ಷ ಕೆಲಸ ಮುಗಿಸಿ ಮೆಹಿಯೋನೆಸ್‌ನಲ್ಲಿ ಅಣ್ಣನ ದೋಣಿಯಲ್ಲಿ ಪಾಲು ತೆಗೆದುಕೊಳ್ಳುತ್ತಾನಂತೆ, ಮೀನು ಹುರಿದು ಮಾರುತ್ತಾನಂತೆ. ದಾರಿಯುದ್ದಕ್ಕೂ ಅದೇ ಮಾತು, ಎಣ್ಣೆ ಯಾವುದು, ಹಿಟ್ಟು ಎಷ್ಟು ತೆಳು. ಅಷ್ಟು ಮಾತಾಡುವ ಮನುಷ್ಯನಲ್ಲ ಅವನು.

ಸುರಂಗದ ಕೊನೆಯ ಕೋಣೆಯಲ್ಲಿ ಬಿಳಿ ನಿಲುವಂಗಿ, ಟೋಪಿ, ಮುಖಗವಸು ಹಾಕಿಕೊಂಡು ನಿಂತಾಗ ಹೊರಗಿನ ಮರುಭೂಮಿ ಸುಳ್ಳೆನಿಸುವಷ್ಟು ತಂಪು. ರಾತ್ರಿಯಾದರೆ ನಾಲ್ಕು ಕಡೆಯಿಂದ ಬೆಳಕು ಕನ್ನಡಿಯಿಂದ ಕನ್ನಡಿಗೆ ಪುಟಿದು ಇಲ್ಲಿಗೆ ಬಂದು ಸೇರುತ್ತದೆ. ಈ ಋತುವಿನಲ್ಲಿ ಇವತ್ತೇ ಮೊದಲ ಸಲ ಮತ್ತೆ ಧನು ರಾಶಿಯ ಕಡೆ ತಿರುಗಿಸುತ್ತಾರೆ, ಅದಕ್ಕೆ ಎಲ್ಲ ಸಜ್ಜು ಮಾಡಬೇಕು. ನಿಬಾಲ್ಡೊ ಆ ತುದಿಯಲ್ಲಿ ತಂತಿಗಳನ್ನು ನೋಡುತ್ತಿದ್ದ. ಯೆರ್ಕೊ ಬಿಲ್ಲೆ ಕೂತ ಪೆಟ್ಟಿಗೆಯ ಮುಚ್ಚಳ ಸಡಿಲಿಸಿದ. ಇಷ್ಟು ತಿಂಗಳು ಈ ಮುಚ್ಚಳದ ಪಕ್ಕವೇ ಓಡಾಡಿದ್ದಾನೆ, ತೆಗೆದು ನೋಡುವ ಧೈರ್ಯ ಬಂದಿರಲಿಲ್ಲ. ಹಲ್ಲುನೋವಿನವನು ನಾಲಿಗೆ ತಾಗಿಸದೆ ಊಟ ಮಾಡುವ ಹಾಗೆ ಅದರ ಸುತ್ತ ಕೆಲಸ ಮಾಡಿದ್ದ. ಬಾಣ ತಪ್ಪಾಗಿದ್ದರೆ? ಡಾಕ್ಟೊರಾಳ ಉದ್ದ ಕತ್ತು, ಅವಳ ಮರ್ಯಾದಸ್ಥ ಪ್ರಾಣಿ, ಆ ಚಪ್ಪಾಳೆ ಎಲ್ಲ ಒಂದು ಕ್ಷಣ ಕಣ್ಣ ಮುಂದೆ ಬಂದು, ತಪ್ಪಾಗಿಯೇ ಇರಲಿ ಎಂದೂ ಅನಿಸಿತು; ಹಾಳಾಗಲಿ, ಇವರ ಆಕಾಶಕ್ಕೆ ನನ್ನಂಥವನ ಒಂದು ಗೀರಾದರೂ ಬೀಳಲಿ. ಮರುಕ್ಷಣ ಮುಚ್ಚಳ ಪೂರ್ತಿ ತೆಗೆದ. ಟಾರ್ಚಿನ ಬೆಳಕು ಬಿಟ್ಟ.

ಬಾಣ ಸರಿಯಾಗಿತ್ತು. ಬೆಳಕು ಹೋಗುವ ಕಡೆಗೇ.

ನೆಲದ ಮೇಲೆ ಕೂತುಬಿಟ್ಟ. ಮುಖಗವಸಿನೊಳಗೆ ನಗು ಬಂತೋ ಅಳು ಬಂತೋ, ಉಸಿರು ಮಾತ್ರ ಬಿಸಿಯಾಗಿತ್ತು. "ದೋನ್ ನಿಬಾಲ್ಡೊ! ಸರಿ ಇದೆ. ಬಾಣ ಸರಿ ಇದೆ. ಜಾಲರಿ ಹಿಡಿದಿರಲಿಲ್ಲ ನಾನು. ಅವತ್ತು ಹಿಡೀಲೇ ಇಲ್ಲ. ಆದ್ರೂ ಸರಿಯಾಗೇ ಕೂರಿಸಿದೀನಿ ನೋಡಿ!"

ಮುದುಕ ತಿರುಗಲಿಲ್ಲ. "ಗೊತ್ತು."

"ಏನು ಗೊತ್ತು?"

"ಸರಿ ಇದೆ ಅಂತ." ಕನ್ನಡಕಕ್ಕೆ ಉಸಿರು ಮಂಜಾಗಿತ್ತು, ತೆಗೆದು ನಿಲುವಂಗಿಗೆ ಒರೆಸಿದ. ನಿಲುವಂಗಿಗೆ ಗಾಜು ಒರೆಸಬಾರದು ಎಂದು ಕಲಿಸಿದವನೇ ಅವನು. "ನಾನೇ ತಿರುಗಿಸಿ ಇಟ್ಟೆ."

ಯೆರ್ಕೊ ಟಾರ್ಚು ಆರಿಸಿದ.

"ಯಾವಾಗ?"

"ವಸಂತದಲ್ಲಿ, ವರ್ಷದ ಕೊನೇಲಿ. ಧನು ರಾಶಿ ಸೂರ್ಯನ ಹಿಂದಕ್ಕೆ ಹೋದ್ಮೇಲೆ. ಧೂಳು ನೋಡೋಣ ಅಂತ ತೆಗೆದ್ರೆ ಹಿಂದುಮುಂದಾಗಿ ಕೂತಿತ್ತು. ತಿರುಗಿಸಿ ಬಿಗಿದೆ. ಲಿಸ್ತೊ ಅಂದೆ. ಮುಗೀತು."

"ಮುಗೀತಾ? ಭುಗಿಲು ಎದ್ದಿದ್ದು ಅದಕ್ಕೆ ಮುಂಚೆ! ಇವರು ಕುಣೀತಿರೋದೆಲ್ಲ ಆ ಭುಗಿಲಿನ ಮೇಲೆ. ಮುಖ ಅಲ್ಲ ಅದು. ಬೆನ್ನು. ಯಾರಿಗೂ ಹೇಳ್ಲಿಲ್ವಾ ನೀವು?"

"ಯಾರಿಗೆ ಹೇಳ್ಲಿ? ಹೇಳಿದ್ರೆ ನೀನು ಮಾರನೇ ದಿನ ಬಸ್ ಹತ್ತಿರ್ತಿದ್ದೆ. ಅಪ್ಪನ್ನ ಮಣ್ಣು ಮಾಡಿ ಮೂರು ತಿಂಗಳೂ ಆಗಿರ್ಲಿಲ್ಲ. ಊಟ ಮಾಡ್ತಿರ್ಲಿಲ್ಲ ನೀನು, ನೆನಪಿದೆಯಾ? ಆ ಮುಖ ನೋಡ್ಕೊಂಡು ಹೋಗಿ ದೂರು ಹೇಳೋಕೆ ನಾನೇನು ನಾಯೀನಾ? ಮೇಲಾಗಿ ಆ ಭುಗಿಲಲ್ಲಿ ಇವರು ಏನು ಹುಡುಕ್ತಿದ್ರು ಅಂತ ನನಗೇನಪ್ಪ ಗೊತ್ತು. ಇವತ್ತು ಊಟದ ಹೊತ್ತಲ್ಲಿ ಗೊತ್ತಾಯ್ತು, ನಿನ್ ಜೊತೆಗೇ."

"ನಾನು ಹೇಳ್ತೀನಿ. ಸಂಜೆ ಹೇಳ್ತೀನಿ."

"ಹೇಳು." ಮುದುಕ ಕನ್ನಡಕ ಹಾಕಿಕೊಂಡು ಮೊದಲ ಸಲ ಇತ್ತ ನೋಡಿದ. "ನಿನ್ ಲಿಸ್ತೊ ಒಂದೇ ಅಲ್ಲ, ನಂದೂ ಹೋಗುತ್ತೆ. ನೀನು ಹುಡುಗ, ಬಂದರಲ್ಲಾದ್ರೂ ತಾಮ್ರ ಹೊರ್ತೀಯ. ನನ್ನ ಮಂಡಿ ಸದ್ದು ಕೇಳಿಸ್ಕೊಂಡ್ಯಲ್ಲ ದಾರೀಲಿ. ಹೇಳು, ಬೇಡ ಅನ್ನಲ್ಲ. ನಿನಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು ಕಣೋ."

ಒಳ್ಳೆಯದಾಗಲಿ ಅಂತ. ಯೆರ್ಕೊಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ತಿಳಿಯಲಿಲ್ಲ. ಎದುರಿಗಿದ್ದವನು ಕೆಟ್ಟವನಾಗಿದ್ದರೆ ಎರಡು ಹೊಡೆದು ಹಗುರಾಗಬಹುದಿತ್ತು. ಬೆನ್ನು ಸವರಿದ ಕೈ, ವಂದನೆ ಹೇಳಿದ ಬಾಯಿ, ತಿರುಪು ತೆಗೆದು ಸದ್ದಿಲ್ಲದೆ ಸರಿ ಮಾಡಿ ಮತ್ತೆ ಬಿಗಿದ ಬೆರಳು, ಎಲ್ಲ ಒಳ್ಳೆಯವೇ. ತಪ್ಪಾಗಿ ಕೂತದ್ದನ್ನು ಒಳ್ಳೆಯ ಕೈ ತಿರುಗಿಸಿ ಇಡುತ್ತದೆ. ಆಮೇಲೆ ಬಂದವನು ಟಾರ್ಚು ಬಿಟ್ಟು ನೋಡಿ, ಸರಿಯಾಗಿದೆಯಲ್ಲ, ಎಂದು ನೆಲಕ್ಕೆ ಕೂತು ನಗುತ್ತಾನೆ. ಹಾಗಾದರೆ ನೋಡಿದ್ದು ಏನನ್ನು? ತಿರುಗಿಸಿ ಇಟ್ಟಿದ್ದನ್ನು. ಅದು ಮೊದಲು ಯಾವ ಕಡೆ ಇತ್ತು ಎನ್ನುವುದಕ್ಕೆ ಎಲ್ಲೋ ಒಂದು ಗುರುತು ಉಳಿದಿರುತ್ತದೆ, ಬೆಳಕಿನಲ್ಲಿ ಓರೆ ಉಳಿದ ಹಾಗೆ. ಅಪ್ಪನ ಎಡಗೆನ್ನೆ ಕಣ್ಣ ಮುಂದೆ ಬಂತು. ಏಕೆ ಬಂತೆಂದು ಮೊದಲು ಗೊತ್ತಾಗಲಿಲ್ಲ. ಆ ನೇರಳೆ ಕಪ್ಪು. ಮುಖವಾಡ ಒತ್ತಿದರೆ ಮೂಗಿನ ಮೇಲೆ ಗೀಟು ಬೀಳಬೇಕು, ಅಂಗೈಯಗಲ ಏಕೆ ಹರಡುತ್ತದೆ? ಒಮ್ಮೆ ಸುರಂಗ ತೋಡುವಾಗ ಸತ್ತ ಕೂಲಿಯೊಬ್ಬನನ್ನು ಎತ್ತಿದ್ದನ್ನು ನಿಬಾಲ್ಡೊನೇ ಹೇಳಿದ್ದ, ಹೆಣ ಯಾವ ಮಗ್ಗುಲಲ್ಲಿ ಬಿದ್ದಿರುತ್ತದೋ ರಕ್ತ ಆ ಕಡೆಗೆ ಇಳಿದು ಕಪ್ಪುಗಟ್ಟುತ್ತದೆ ಎಂದು. ಎಡಗೆನ್ನೆ. ಎಡಗೆನ್ನೆ ಕೆಳಗಿರಬೇಕಾದರೆ ಎಡಮಗ್ಗುಲಾಗಿ ಮಲಗಿರಬೇಕು. ಎಡಕ್ಕೆ ಇದ್ದದ್ದು ಗೋಡೆ.

ಎದ್ದು ಗೋಡೆಯ ಫೋನಿನ ಹತ್ತಿರ ಹೋದ. ಅದೇ ಫೋನು. ಬಹಳ ಹೊತ್ತು ಹೊಡೆದುಕೊಂಡ ಮೇಲೆ ಯಾಸ್ನಾ ಎತ್ತಿದಳು, ಹಿಂದೆ ಮಾರುಕಟ್ಟೆಯ ಗದ್ದಲ, ಅವಳ ಮೀನಿನಂಗಡಿಯಲ್ಲಿ ಯಾರೋ ಚೌಕಾಸಿ ಮಾಡುತ್ತಿದ್ದರು.

"ಯಾಸ್ನಾ. ಅಪ್ಪನ್ನ ತಿರುಗಿಸಿದ್ದು ಯಾರು?"

"ಏನು?"

"ಅಪ್ಪ ಗೋಡೆ ಕಡೆ ಮುಖ ಮಾಡ್ಕೊಂಡು ಸತ್ತಿದ್ದ. ಬಾಗಿಲ ಕಡೆ ತಿರುಗಿಸಿದ್ದು ಯಾರು?"

ಚೌಕಾಸಿಯವನ ದನಿ ದೂರವಾಯಿತು. ಅವಳು ಎಲ್ಲೋ ಒಳಗೆ ಹೋದಳೆಂದು ಕಾಣುತ್ತದೆ. ಬಾಗಿಲು ಹಾಕಿದ ಸದ್ದು.

"ನಾನೇ" ಎಂದಳು. "ಬೆಳಿಗ್ಗೆ ಹೋದಾಗ ಹಂಗೆ ಮಲಗಿದ್ದ. ಜನ ಬರೋರಿದ್ರು. ಬಂದರಿನೋರೆಲ್ಲ ಬಂದು, ಗೋಡೆ ನೋಡ್ಕೊಂಡು ಬಿದ್ದಿರೋ ಹೆಣ ನೋಡಿದ್ರೆ ಏನಂದ್ಕೋತಾರೆ? ಯಾರೂ ಇಲ್ದೋನು ಅಂತಾರೆ. ಒಬ್ಳೇ ತಿರುಗಿಸಿದೆ. ಎಷ್ಟು ಭಾರ ಇದ್ದ ಗೊತ್ತಾ."

"ಮೊದ್ಲು ಬಾಗಿಲು ನೋಡ್ತಿದಾನೆ ಅಂದಿದ್ದೆ."

"ನೋಡ್ತಿದ್ದ. ನಿನಗೆ ಫೋನ್ ಮಾಡೋವರೆಗೂ ನೋಡ್ತಿದ್ದ." ಅವಳ ಉಸಿರು ಫೋನಿಗೆ ಬಡಿಯುತ್ತಿತ್ತು. "ನೀನು ಆಗಲ್ಲ ಅಂದೆ. ನಾನು ಹೋಗಿ ಹೇಳ್ದೆ, ಯೆರ್ಕೊ ಬರಲ್ವಂತೆ ಅಪ್ಪ, ಅಂತ. ಏನಾದ್ರೂ ಸುಳ್ಳು ಹೇಳ್ಬೋದಿತ್ತು. ಹೊರಟಿದಾನೆ, ದಾರೀಲಿದಾನೆ ಅಂತ. ಹೊಳೀಲಿಲ್ಲ ಕಣೋ. ಸಿಟ್ಟಲ್ಲಿ ಇದ್ದಂಗೇ ಹೇಳ್ಬಿಟ್ಟೆ. ಆಮೇಲೆ ಆ ಕಡೆ ತಿರುಗಿದ. ಊಟ ತಂದ್ರೂ ಈ ಕಡೆ ತಿರುಗ್ಲಿಲ್ಲ."

"ಮತ್ತೆ ಅವತ್ತು ಸ್ಮಶಾನದಲ್ಲಿ..."

"ನಿನಗೆ ಉರೀಲಿ ಅಂತ ಅಂದೆ. ಆಮೇಲೆ ಯೋಚ್ನೆ ಮಾಡ್ದೆ, ಇರ್ಲಿ ಬಿಡು, ಕಾದಿದ್ದ ಅಂದ್ಕೊಂಡಾದ್ರೂ ಇರ್ಲಿ ಇವನು, ಅಂತ." ತಟ್ಟನೆ, "ಯಾರು ಹೇಳಿದ್ರು ನಿನಗೆ?"

ಯಾರೂ ಹೇಳಿಲ್ಲ ಎಂದು ಫೋನು ಇಟ್ಟ. ನಿಬಾಲ್ಡೊ ಆ ತುದಿಯಲ್ಲಿ ತಂತಿಯನ್ನೇ ನೋಡುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ. ಯೆರ್ಕೊ ಪೆಟ್ಟಿಗೆಯ ಹತ್ತಿರ ಬಂದು, ಜಾಲರಿ ತೆಗೆದು, ದೀಪದ ಮುಂದೆ ಹಿಡಿದು, ಕಳೆದ ಚಳಿಗಾಲದಲ್ಲಿ ಮಾಡಬೇಕಿದ್ದ ಪರೀಕ್ಷೆಯನ್ನು ಹಂತ ಹಂತವಾಗಿ ಮಾಡಿದ. ಬಿಲ್ಲೆ ನಿಜವನ್ನೇ ಹೇಳುತ್ತಿತ್ತು. ಈಗ. ಇನ್ನು ಮುಂದೆ ಇನ್ನೊಂದು ದೊಡ್ಡ ಭುಗಿಲು ಎದ್ದರೆ ಓರೆ ಬಲಕ್ಕೆ ಸುತ್ತುತ್ತದೆ, ಬೆನ್ನು ಬೆನ್ನೇ ಆಗುತ್ತದೆ. ಅದು ಇವತ್ತು ಏಳಬಹುದು, ಎರಡು ವರ್ಷ ಬಿಟ್ಟು ಏಳಬಹುದು. ಅಷ್ಟರಲ್ಲಿ ನಿಬಾಲ್ಡೊ ಮೀನು ಹುರಿಯುತ್ತಿರುತ್ತಾನೆ. ಮುಚ್ಚಳ ಹಾಕಿ ತಿರುಪು ಬಿಗಿದ. ಗಂಟು ಬಿಚ್ಚಿ ನೋಡಿಕೊಳ್ಳುವುದಕ್ಕೆ ಕೈ ಹೋಯಿತು ಒಳಗೆ, ಅಭ್ಯಾಸಬಲ. ಗಂಟಿನಲ್ಲಿ ಏನೂ ಇರಲಿಲ್ಲ. ಕಿವಿ, ದವಡೆ, ನರ. ಅದೂ ಅಲ್ಲ, ಈಗ ಬರೀ ಬೆನ್ನು, ಒಂದು ಕಡೆ ಇಳಿದ ಹೆಗಲು, ಆಸ್ಪತ್ರೆಯ ಅಂಗಿಯ ಹಿಂದಿನ ಕಸೆ.

ಸಂಜೆ ಎಲ್ಲರೂ ಬೆಟ್ಟದ ನೆತ್ತಿಯ ಅಂಗಳದಲ್ಲಿ ಸೇರಿದರು. ಇಲ್ಲಿಯ ಕ್ರಮ ಅದು. ದೂರದರ್ಶಕಗಳ ಬಾಗಿಲು ತೆರೆಯುವ ಮುಂಚೆ, ಕೆಲಸ ಮುಗಿಸಿದವರೂ ಕೆಲಸಕ್ಕೆ ಹೊರಟವರೂ ಸಾಲಾಗಿ ನಿಂತು ಸೂರ್ಯ ಸಮುದ್ರಕ್ಕೆ ಇಳಿಯುವುದನ್ನು ನೋಡುತ್ತಾರೆ; ಪೂರ್ತಿ ಮುಳುಗುವ ಗಳಿಗೆಯಲ್ಲಿ ಒಂದು ಹಸಿರು ಮಿಂಚು ಕಂಡರೆ ಆ ರಾತ್ರಿ ಒಳ್ಳೆಯದಂತೆ. ಅಡುಗೆಯವರೂ ಬಂದಿದ್ದರು. ಯಾರೋ ಡಾಕ್ಟೊರಾಳಿಗೆ ಕಾಗದದ ಲೋಟದಲ್ಲಿ ವೈನು ಕೊಟ್ಟಿದ್ದರು. ಗಾಳಿ ಚಳಿ ಹಿಡಿಯತೊಡಗಿತ್ತು.

"ಮಿರ್ಕೊ!" ಅವಳು ಎಲ್ಲರ ನಡುವಿನಿಂದ ಕೂಗಿದಳು. "ಪರೀಕ್ಷೆ? ಹೌದು ಎಂದು ಬರೆಯಲೆ?"

ತಲೆಗಳು ಇತ್ತ ತಿರುಗಿದವು. ನಿಬಾಲ್ಡೊ ಒಬ್ಬ ಸಮುದ್ರವನ್ನೇ ನೋಡುತ್ತಿದ್ದ. ಹೇಳಬೇಕಾದ ಮಾತು ಯೆರ್ಕೊನ ಬಾಯಿಯವರೆಗೂ ಬಂದಿತ್ತು, ಬೆನ್ನು ಅದು ಡಾಕ್ಟೊರಾ, ಬೆನ್ನು, ಮೊದಲಿಂದಲೂ ಬೆನ್ನೇ. ಇಷ್ಟು ಜನರ ಮುಖದಲ್ಲಿ ಆ ನಗು ಆರಿಹೋಗುವುದನ್ನು ನೋಡುವ ಆಸೆಯೂ ಇತ್ತು. ಆಮೇಲೆ ಅವಳು ಹೇಗೆ ಗೊತ್ತು ಎನ್ನುತ್ತಾಳೆ. ಯಾರು ತಿರುಗಿಸಿದ್ದು ಎನ್ನುತ್ತಾಳೆ. ಯಾಸ್ನಾ ಬಾಗಿಲು ಹಾಕಿಕೊಂಡ ಸದ್ದು ಕಿವಿಯಲ್ಲಿತ್ತು. ಸತ್ಯ ಹೇಳಿದ್ದಕ್ಕೇ ಒಬ್ಬ ಗೋಡೆಯ ಕಡೆ ತಿರುಗಿದ್ದ. ಮುದುಕನ ಕುತ್ತಿಗೆಯ ಹಿಂದೆ ಬೆವರು ಒಣಗಿ ಉಪ್ಪಿನ ಗೀಟು ಎದ್ದಿತ್ತು. ಅವನು ಉಸಿರು ಬಿಗಿಹಿಡಿದಿದ್ದಾನೆ ಎಂದು ಭುಜದಿಂದಲೇ ತಿಳಿಯುತ್ತಿತ್ತು.

"ಲಿಸ್ತೊ" ಎಂದ ಯೆರ್ಕೊ.

"ಲಿಸ್ತೊ!" ಎಂದು ಡಾಕ್ಟೊರಾ ಲೋಟ ಎತ್ತಿದಳು. ಮತ್ತೆ ಚಪ್ಪಾಳೆ. ನಿಬಾಲ್ಡೊನ ಭುಜ ಇಳಿಯಿತು.

ಅವನು ಗುಂಪಿನಿಂದ ಹಿಂದೆ ಸರಿದು ದೂರದರ್ಶಕದ ಬುಡಕ್ಕೆ ಹೋದ. ಕಾಂಕ್ರೀಟಿನ ಗೋಡೆ ಹಗಲ ಬಿಸಿಯನ್ನು ಇನ್ನೂ ಹಿಡಿದುಕೊಂಡಿತ್ತು. ಅದಕ್ಕೆ ಹಣೆ ತಾಗಿಸಿ ನಿಂತ. ಗೋಡೆ ಅಂದರೆ ಇಷ್ಟು. ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ತೂತು, ಒಂದೆರಡು ಬಿರುಕು, ಯಾರೋ ಪೆನ್ಸಿಲಿನಲ್ಲಿ ಹಾಕಿದ ಗುರುತು, ಬಿಳಿ ಬಳಿಯುವಾಗ ಕುಂಚದಿಂದ ಉದುರಿ ಅಂಟಿಕೊಂಡ ಕೂದಲು. ಯಾವ ಪ್ರಶ್ನೆಯೂ ಇಲ್ಲ. ಇಲ್ಲಿ ಕಣ್ಣು ತೆರೆದುಕೊಂಡು ಎಷ್ಟು ಹೊತ್ತು ಬೇಕಾದರೂ ಇರಬಹುದು. ಅಪ್ಪ ಏನು ನೋಡಿದ ಎಂದು ಗೊತ್ತಾಯಿತು ಅನಿಸಿತು. ಹಿಂದೆ ಜನ ಉಲ್ಲಾಸದಿಂದ ಕೂಗಿದರು, ಹಸಿರು ಮಿಂಚು ಕಂಡಿತೆಂದು ಕಾಣುತ್ತದೆ. ಫೋಟೋ, ಫೋಟೋ, ಎಲ್ಲರೂ ಬನ್ನಿ, ಹಗಲು ಪಾಳಿಯವರೂ ಬನ್ನಿ.

ಕಟಕಟ ಎಂದು ಮಂಡಿಯ ಸದ್ದು ಹತ್ತಿರ ಬಂತು.

"ಬಾರೋ" ಎಂದ ನಿಬಾಲ್ಡೊ ಮೆಲ್ಲಗೆ. "ಎಲ್ಲ ನೋಡ್ತಿದಾರೆ."

ಯೆರ್ಕೊ ಅಲ್ಲಾಡಲಿಲ್ಲ. ಮುದುಕ ಎರಡೂ ಕೈಗಳನ್ನು ಅವನ ಭುಜದ ಮೇಲಿಟ್ಟ, ಗಾಜು ಹಿಡಿಯುವಷ್ಟು ಹುಷಾರಾಗಿ, ಅವನನ್ನು ಗೋಡೆಯಿಂದ ಬಿಡಿಸಿ ಜನರ ಕಡೆಗೆ ತಿರುಗಿಸಿದ.

"ಹಾಂ, ಹಾಗೇ ಇರು" ಎಂದ.